ಚೀಟಿ ನಂಬಬೇಕೋ, ಚೀಲ ಬಿಚ್ಚಬೇಕೋ?

ಇಂಟರ್‌ನೆಟ್‌ನಿಂದ ಬರುವ ನೂರೆಂಟು ಬಗೆಯ ಫೈಲುಗಳನ್ನು ಬ್ರೌಸರ್ ಹೇಗೆ ತೆರೆಯುತ್ತದೆ? ಹೇಗೆ ತೆರೆಯಬೇಕು? ವಿದ್ಯಾರ್ಥಿಗಳೂ ಪಾಲಕರೂ ತಿಳಿದಿರಬೇಕಾದ ಕೆಲವು ಸಂಗತಿಗಳು.

ಗದಗಿನ ಎಪಿಎಂಸಿ ಪ್ರಾಂಗಣದಲ್ಲಿ ಸಾಲು ಸಾಲು ಚೀಲಗಳು ನಿಂತಿರುತ್ತವೆ. ಚೀಲಕ್ಕೆ ಕಟ್ಟಿದ ಚೀಟಿ 'ಕಡಲೆ' ಎನ್ನುತ್ತದೆ. ದೂರದಿಂದ ಆಕಾರ ನೋಡಿದರೆ ಜೋಳವೂ ಇರಬಹುದೆನಿಸುತ್ತದೆ. ಅನುಭವಸ್ಥ ಖರೀದಿದಾರ ಚೀಟಿಯನ್ನಾಗಲಿ ಆಕಾರವನ್ನಾಗಲಿ ಪೂರ್ತಿ ನಂಬುವುದಿಲ್ಲ. ಚೀಲಕ್ಕೆ ಕೊಳವೆ ಚುಚ್ಚಿ, ಒಂದು ಹಿಡಿ ಕಾಳು ಹೊರತೆಗೆದು, ಅಂಗೈ ಮೇಲೆ ಹರಡಿಕೊಂಡು ನೋಡುತ್ತಾನೆ. ಆಮೇಲೆಯೇ ದರದ ಮಾತು.

ನಿಮ್ಮ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಇರುವ ಬ್ರೌಸರ್ ಎಂಬ ತಂತ್ರಾಂಶವೂ ದಿನಕ್ಕೆ ನೂರಾರು ಬಾರಿ ಇದೇ ಕೆಲಸ ಮಾಡುತ್ತದೆ. ಎಲ್ಲಿಂದಲೋ ಬಂದ ಒಂದು ಮೂಟೆ. ಅದು ಓದುವ ಪುಟವೇ, ಚಿತ್ರವೇ, ಹಾಡೇ, ಅಂಕಪಟ್ಟಿಯೇ ಅಥವಾ ಕಂಪ್ಯೂಟರಿನೊಳಗೆ ನುಗ್ಗಿ ತಾನೇ ಕೆಲಸ ಶುರುಮಾಡುವ ಕಾರ್ಯಕ್ರಮವೇ? ಬ್ರೌಸರ್ ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕು. ತೀರ್ಮಾನ ತಪ್ಪಿದರೆ ವಿದ್ಯಾರ್ಥಿವೇತನದ ಅರ್ಜಿ ಕಡೆಯ ದಿನ ತಿರಸ್ಕೃತವಾಗಬಹುದು, ತಂದೆಯ ಬ್ಯಾಂಕ್ ಖಾತೆ ಬರಿದಾಗಬಹುದು.

"ಅಪ್ಪಾ, ಫೈಲ್ ತೆರೀವಲ್ದು" ಎಂದು ಮಗ ಹೇಳುತ್ತಾನೆ. "ನಿನ್ನೆ ತೆರದಿತ್ತಲ್ಲೋ" ಎಂದು ಅಪ್ಪ ಕೇಳುತ್ತಾನೆ. ಮುಂಡರಗಿಯಿರಲಿ, ಶಿರಹಟ್ಟಿಯಿರಲಿ, ಲಕ್ಷ್ಮೇಶ್ವರವಿರಲಿ, ಕಾಲೇಜು ಪ್ರವೇಶದ ದಿನಗಳಲ್ಲಿ ಈ ಮಾತು ಕೇಳದ ಮನೆ ಕಡಿಮೆ. ಏಕೆ ತೆರೆಯುವುದಿಲ್ಲ ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾಲ್ವರ ಹಾಡಿನಿಂದ ಆರಂಭ

ಮೊದಮೊದಲು ಇ-ಮೇಲ್‌ನಲ್ಲಿ ಹೋಗುತ್ತಿದ್ದುದು ಬರೀ ಇಂಗ್ಲಿಷ್ ಅಕ್ಷರಗಳು. ಚಿತ್ರ, ಧ್ವನಿ ಕಳಿಸುವುದಕ್ಕೆ ಎಲ್ಲರೂ ಒಪ್ಪಿದ ಒಂದು ಪದ್ಧತಿ ಇರಲಿಲ್ಲ. ಅಮೆರಿಕದ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬ ಇಬ್ಬರು ತಂತ್ರಜ್ಞರು 1992ರಲ್ಲಿ ಅದಕ್ಕೊಂದು ದಾರಿ ಮಾಡಿದರು. ಆ ವರ್ಷದ ಮಾರ್ಚ್‌ನಲ್ಲಿ ಬೊರೆನ್‌ಸ್ಟೈನ್ ತಾನೂ ಸೇರಿದ ನಾಲ್ವರು ಹಾಡುಗಾರರ ತಂಡದ ಚಿತ್ರವನ್ನೂ ಹಾಡನ್ನೂ ಇ-ಮೇಲ್‌ಗೆ ಲಗತ್ತಿಸಿ ಕಳಿಸಿದರು. ಈ ಪದ್ಧತಿಯ ಹೆಸರು 'ಮೈಮ್'.

ಮೈಮ್‌ನ ತಿರುಳು ಸರಳ. ಪ್ರತಿ ಫೈಲಿನ ಮುಂದೆ ಅದು ಯಾವ ಬಗೆಯದು ಎಂಬ ಚೀಟಿ ಅಂಟಿಸಬೇಕು. ಚೀಟಿಯಲ್ಲಿ ಎರಡು ಮಾತು, ನಡುವೆ ಒಂದು ಓರೆಗೆರೆ. 'ಟೆಕ್ಸ್ಟ್/ಎಚ್‌ಟಿಎಂಎಲ್' ಎಂದರೆ ಓದುವ ಜಾಲಪುಟ. 'ಇಮೇಜ್/ಜೆಪೆಗ್' ಎಂದರೆ ಫೋಟೊ. 'ಅಪ್ಲಿಕೇಶನ್/ಪಿಡಿಎಫ್' ಎಂದರೆ ಪಿಡಿಎಫ್ ದಾಖಲೆ. ಜಾಲತಾಣಗಳೂ ಇದೇ ಚೀಟಿಯನ್ನು ಎರವಲು ಪಡೆದವು. ಇಂದಿಗೂ ನೀವು ಯಾವ ಕೊಂಡಿ ಒತ್ತಿದರೂ ಫೈಲಿಗಿಂತ ಮೊದಲು ಈ ಚೀಟಿ ಬಂದು ಬ್ರೌಸರಿನ ಕೈ ಸೇರುತ್ತದೆ.

1993ರಲ್ಲಿ ಬಂದ ಮೊಸಾಯಿಕ್ ಬ್ರೌಸರ್ ಚೀಟಿ ಓದಿ, ತನಗೆ ತೆರೆಯಲಾಗದ ಫೈಲನ್ನು ಕಂಪ್ಯೂಟರಿನಲ್ಲಿರುವ ಬೇರೊಂದು ತಂತ್ರಾಂಶಕ್ಕೆ ಒಪ್ಪಿಸುತ್ತಿತ್ತು. ಆಮೇಲೆ ಬಂದ ನೆಟ್‌ಸ್ಕೇಪ್, ಬ್ರೌಸರಿನ ಒಳಗೇ ಕೂತು ಕೆಲಸ ಮಾಡುವ 'ಪ್ಲಗ್-ಇನ್'ಗಳನ್ನು ತಂದಿತು. ಭಾರತದ ಜನಸಾಮಾನ್ಯರಿಗೆ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮೂಲಕ ಇಂಟರ್‌ನೆಟ್ ತೆರೆದುಕೊಂಡದ್ದೂ ಸರಿಸುಮಾರು ಇದೇ ಕಾಲದಲ್ಲಿ. ಪ್ಲಗ್-ಇನ್‌ಗಳು ಅನುಕೂಲ ತಂದಂತೆ ಕಳ್ಳರಿಗೆ ಹಿತ್ತಲ ಬಾಗಿಲನ್ನೂ ತೆರೆದವು. ಅವುಗಳಲ್ಲಿ ಹೆಸರುವಾಸಿಯಾದ ಫ್ಲ್ಯಾಶ್‌ಗೆ ಅದರ ಒಡೆಯರಾದ ಅಡೋಬಿ ಕಂಪನಿಯೇ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು. ಪಿಡಿಎಫ್ ಓದುವ ಕೆಲಸವನ್ನು ಕ್ರೋಮ್ 2010ರಿಂದ, ಫೈರ್‌ಫಾಕ್ಸ್ 2013ರಿಂದ ತಾವೇ ವಹಿಸಿಕೊಂಡಿವೆ.

ಹೆಸರಿನ ಬಾಲ

ಚೀಟಿ ಜಾಲತಾಣ ಕೊಡುವಂಥದ್ದು. ನಮ್ಮ ಕಣ್ಣಿಗೆ ಕಾಣುವುದು ಫೈಲಿನ ಹೆಸರಿನ ಕೊನೆಯಲ್ಲಿರುವ ಬಾಲ: ಪಿಡಿಎಫ್, ಜೆಪಿಜಿ, ಡಿಒಸಿ, ಎಪಿಕೆ. ಬಾಲ ಯಾರು ಬೇಕಾದರೂ ಬದಲಿಸಬಹುದಾದ ಹೆಸರಿನ ಭಾಗ ಮಾತ್ರ. ಎಮ್ಮೆಗೆ ಕುದುರೆ ಎಂದು ಹೆಸರಿಟ್ಟರೆ ಅದು ಟಾಂಗಾ ಎಳೆಯುವುದಿಲ್ಲ.

ಇಲ್ಲಿಯೇ ನಮ್ಮ ವಿದ್ಯಾರ್ಥಿಗಳು ಎಡವುವುದು. ಅರ್ಜಿ ನಮೂನೆ 'ಪಿಡಿಎಫ್ ಮಾತ್ರ' ಎನ್ನುತ್ತದೆ. ಕೈಯಲ್ಲಿರುವುದು ಮೊಬೈಲಿನಲ್ಲಿ ತೆಗೆದ ಜಾತಿ ಪ್ರಮಾಣಪತ್ರದ ಫೋಟೊ. ಗೆಳೆಯನೊಬ್ಬ ಉಪಾಯ ಹೇಳುತ್ತಾನೆ: "ಹೆಸರಿನ್ಯಾಗ ಜೆಪಿಜಿ ತಗದು ಪಿಡಿಎಫ್ ಅಂತ ಹಾಕು, ಆತು." ಹೆಸರು ಬದಲಾಯಿತು, ಒಳಗಿನ ಸರಕು ಬದಲಾಗಲಿಲ್ಲ. ಕೆಲವು ಜಾಲತಾಣಗಳು ಆಗಲೇ 'ಅಮಾನ್ಯ ಫೈಲು' ಎಂದು ಹಿಂದಿರುಗಿಸುತ್ತವೆ. ಅದು ಒಳ್ಳೆಯದೇ. ಬಾಲವನ್ನಷ್ಟೇ ನೋಡಿ ಸ್ವೀಕರಿಸಿಬಿಡುವ ಜಾಲತಾಣದ ಗತಿ ಕೆಟ್ಟದ್ದು. ತಿಂಗಳ ನಂತರ ಅರ್ಜಿ ಪರಿಶೀಲಿಸುವ ಅಧಿಕಾರಿಗೆ ಫೈಲು ತೆರೆಯುವುದಿಲ್ಲ. ಅಷ್ಟರಲ್ಲಿ ಕಡೆಯ ದಿನ ಮುಗಿದಿರುತ್ತದೆ.

ಒಳಗಿನ ಸರಕು ಯಾವುದೆಂದು ಯಂತ್ರ ಹೇಗೆ ತಿಳಿಯುತ್ತದೆ? ಹೆಚ್ಚಿನ ಬಗೆಯ ಫೈಲುಗಳ ಮೊದಲ ಕೆಲವು ಬೈಟುಗಳಲ್ಲೇ ಕುಲದ ಗುರುತು ಇರುತ್ತದೆ. ಪಿಡಿಎಫ್ ಫೈಲು ಶೇಕಡಾ ಚಿಹ್ನೆ ಮತ್ತು ಪಿ, ಡಿ, ಎಫ್ ಅಕ್ಷರಗಳಿಂದ ಶುರುವಾಗುತ್ತದೆ. ಜೆಪೆಗ್ ಫೋಟೊದ ಮೊದಲ ಮೂರು ಬೈಟುಗಳು 255, 216, 255. ಜಿಪ್ ಗಂಟುಗಳ ಮೊದಲಿಗೆ ಪಿ, ಕೆ ಎಂಬ ಎರಡಕ್ಷರ. ಅವು ಜಿಪ್ ರೂಪಿಸಿದ ಫಿಲ್ ಕಾಟ್ಸ್‌ರ ಹೆಸರಿನ ಮೊದಲಕ್ಷರಗಳು. ಆಫೀಸ್ 2007ರಿಂದ ಬಳಕೆಗೆ ಬಂದ ವರ್ಡ್‌ನ ಡಿಒಸಿಎಕ್ಸ್ ಫೈಲಿನ ಮೊದಲಿಗೂ ಅದೇ ಪಿ, ಕೆ ಇರುತ್ತದೆ. ಏಕೆಂದರೆ ಅದೂ ಒಳಗಿನಿಂದ ಒಂದು ಜಿಪ್ ಗಂಟೇ.

ಮೂಸಿ ನೋಡುವ ಅಪಾಯ

ಹಾಗಿದ್ದರೆ ಚೀಟಿ, ಬಾಲ ಎರಡನ್ನೂ ಬಿಟ್ಟು ಒಳಗನ್ನೇ ನೋಡಿ ತೀರ್ಮಾನಿಸಿದರಾಯಿತಲ್ಲ ಎಂದು ಚುರುಕು ವಿದ್ಯಾರ್ಥಿ ಕೇಳಬಹುದು. ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಹುಕಾಲ ಅಂಥದ್ದೇ ಕೆಲಸ ಮಾಡಿತು. ಚೀಟಿ ತಪ್ಪಾಗಿ ಅಂಟಿಸುವ ಜಾಲತಾಣಗಳು ಆಗ ಬೇಕಾದಷ್ಟಿದ್ದವು. ಓದುಗನಿಗೆ ತೊಂದರೆಯಾಗದಿರಲೆಂದು ಆ ಬ್ರೌಸರ್ ಫೈಲಿನ ಮೊದಲ 256 ಬೈಟುಗಳನ್ನು ಮೂಸಿ ನೋಡಿ ತಾನೇ ನಿರ್ಧರಿಸುತ್ತಿತ್ತು.

ಉದ್ದೇಶ ಒಳ್ಳೆಯದೇ, ಫಲ ಕೆಟ್ಟದ್ದು. ಯಾರಾದರೂ ಫೋಟೊ ಏರಿಸಬಹುದಾದ ಒಂದು ಜಾಲತಾಣವಿದೆ ಎಂದುಕೊಳ್ಳಿ. ದುಷ್ಟನೊಬ್ಬ ಫೋಟೊದ ವೇಷದ ಫೈಲಿನಲ್ಲಿ ಜಾಲಪುಟದ ಸಂಕೇತಗಳನ್ನು ತುರುಕಿ ಏರಿಸುತ್ತಾನೆ. ಜಾಲತಾಣ ಪ್ರಾಮಾಣಿಕವಾಗಿ 'ಇದು ಚಿತ್ರ' ಎಂದೇ ಚೀಟಿ ಅಂಟಿಸುತ್ತದೆ. ಆದರೆ ಅತಿಬುದ್ಧಿವಂತ ಬ್ರೌಸರ್ ಮೂಸಿ ನೋಡಿ 'ಅಲ್ಲ, ಇದು ಜಾಲಪುಟ' ಎಂದು ಒಳಗಿನ ಆಜ್ಞೆಗಳನ್ನು ನಡೆಸಿಬಿಡುತ್ತದೆ. ಚಿತ್ರ ನೋಡಲು ಬಂದವನ ಗುಟ್ಟುಗಳು ಕಳ್ಳನ ಪಾಲಾಗುತ್ತವೆ.

2009ರಲ್ಲಿ ಬಿಡುಗಡೆಯಾದ ಎಕ್ಸ್‌ಪ್ಲೋರರ್ 8ರಲ್ಲಿ ಮೈಕ್ರೋಸಾಫ್ಟ್ ಇದಕ್ಕೊಂದು ಮದ್ದು ಕೊಟ್ಟಿತು. ಜಾಲತಾಣ ತನ್ನ ಚೀಟಿಯ ಜೊತೆಗೆ 'ನೋಸ್ನಿಫ್', ಅಂದರೆ 'ಮೂಸಬೇಡ' ಎಂದು ಬರೆದರೆ ಬ್ರೌಸರ್ ಚೀಟಿಯನ್ನೇ ಪಾಲಿಸುತ್ತದೆ. ಇತರ ಬ್ರೌಸರುಗಳೂ ಅದನ್ನು ಒಪ್ಪಿಕೊಂಡವು. ಯಾವಾಗ ಮೂಸಬಹುದು, ಎಷ್ಟು ಮೂಸಬಹುದು ಎಂಬುದಕ್ಕೆ ಈಗ ಲಿಖಿತ ನಿಯಮಗಳೇ ಇವೆ. ಅವುಗಳ ಸಾರ ಇಷ್ಟು: ಊಹೆಯಿಂದ ಫೈಲಿಗೆ ಹೆಚ್ಚಿನ ಅಧಿಕಾರ ಸಿಗಬಾರದು. 'ಚಿತ್ರ' ಎಂದು ಬಂದದ್ದನ್ನು ಬೇರೊಂದು ಬಗೆಯ ಚಿತ್ರವೆಂದು ತಿಳಿದರೆ ಹಾನಿಯಿಲ್ಲ. ಆಜ್ಞೆ ನಡೆಸುವ ಪುಟವೆಂದು ತಿಳಿಯಕೂಡದು. ಅತಿಥಿ ಎಂದು ಬಂದವನಿಗೆ ಕುರ್ಚಿ ಕೊಡಬಹುದು, ತಿಜೋರಿಯ ಕೀಲಿಕೈ ಕೊಡಬಾರದು.

ಪ್ರೇಮಪತ್ರ, ಲಗ್ನಪತ್ರಿಕೆ

ಬಾಲವನ್ನು ಮುಚ್ಚಿಡುವುದರಿಂದ ಆಗುವ ಅನಾಹುತಕ್ಕೆ 2000ದ ಮೇ 4ರಂದು ಜಗತ್ತನ್ನು ಕಾಡಿದ 'ಐ ಲವ್ ಯೂ' ವೈರಸ್ ಸಾಕ್ಷಿ. ಇ-ಮೇಲ್‌ನಲ್ಲಿ ಪ್ರೇಮಪತ್ರವೆಂಬ ಹೆಸರಿನ ಫೈಲು ಬರುತ್ತಿತ್ತು. ಹೆಸರಿನ ಕೊನೆಗೆ ಎರಡು ಬಾಲ: ಮೊದಲು ಟಿಎಕ್ಸ್‌ಟಿ, ಆಮೇಲೆ ವಿಬಿಎಸ್. ಮೊದಲನೆಯದು ಬರೀ ಓದುವ ಬರಹದ ಗುರುತು, ಎರಡನೆಯದು ಆಜ್ಞೆ ನಡೆಸುವ ಕಾರ್ಯಕ್ರಮದ ಗುರುತು. ವಿಂಡೋಸ್ ತನಗೆ ಗೊತ್ತಿರುವ ಬಾಲಗಳನ್ನು ಮುಚ್ಚಿಡುವ ರೂಢಿಯದು. ಹಾಗಾಗಿ ನೋಡುವವರಿಗೆ ಕಂಡದ್ದು ಟಿಎಕ್ಸ್‌ಟಿ ಮಾತ್ರ. ಪತ್ರವೆಂದು ತೆರೆದವರ ಕಂಪ್ಯೂಟರಿನ ಫೈಲುಗಳು ಹಾಳಾದವು. ಅವರ ಪರಿಚಿತರಿಗೆಲ್ಲ ಅದೇ ಪ್ರೇಮಪತ್ರ ರವಾನೆಯಾಯಿತು. ಮುಚ್ಚಿಡುವ ಆ ರೂಢಿ ವಿಂಡೋಸ್‌ನಲ್ಲಿ ಇನ್ನೂ ಹೋಗಿಲ್ಲ.

ಅಂದಿನ ಪ್ರೇಮಪತ್ರದ ಜಾಗದಲ್ಲಿ ಇಂದು ಲಗ್ನಪತ್ರಿಕೆ ಬಂದಿದೆ. ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಕರೆಯೋಲೆ, ವಾಹನದ ದಂಡದ ಚಲನ್, ಬ್ಯಾಂಕಿನ ಸೂಚನೆ ಎಂಬ ಹೆಸರಿನಲ್ಲಿ ಎಪಿಕೆ ಬಾಲದ ಫೈಲುಗಳು ಬರುತ್ತಿವೆ. ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿಗೆ ಹೊಸ ಆ್ಯಪ್ ಕೂರಿಸುವ ಗಂಟು. ಅದನ್ನು ಕೂರಿಸಿ, ಕೇಳಿದ ಅನುಮತಿಗಳಿಗೆಲ್ಲ 'ಆಗಲಿ' ಎಂದರೆ ಫೋನಿಗೆ ಬರುವ ಒಟಿಪಿಗಳನ್ನು ಕಳ್ಳ ದೂರದಲ್ಲೇ ಕೂತು ಓದಬಲ್ಲ. ಲಗ್ನಪತ್ರಿಕೆ ಚಿತ್ರವಾಗಿ ಬರಬೇಕು ಇಲ್ಲವೆ ಪಿಡಿಎಫ್ ಆಗಿ ಬರಬೇಕು. ಎಪಿಕೆ ಆಗಿ ಬಂದರೆ, ಕಳಿಸಿದವರು ಸೋದರಮಾವನೇ ಆಗಿದ್ದರೂ ಮುಟ್ಟಬೇಡಿ. ಅವರ ಫೋನು ಮೊದಲೇ ಕಳ್ಳನ ಕೈಸೇರಿರಬಹುದು. ಹಣ ಹೋದುದು ತಿಳಿದ ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು. ತಡವಾದಷ್ಟೂ ಹಣ ಮರಳುವ ಸಾಧ್ಯತೆ ಕಡಿಮೆ.

ಪುಲಿಗೆರೆಯ ಕನ್ನಡಕ್ಕೆ ಬಂದ ಕುತ್ತು

ಇಲ್ಲಿಯವರೆಗಿನ ಮಾತು ಜಗತ್ತಿಗೆಲ್ಲ ಅನ್ವಯ. ಕನ್ನಡಿಗರಿಗೆ ಇನ್ನೊಂದು ವಿಶೇಷ ತೊಂದರೆಯಿದೆ.

ಗದಗ 'ಮುದ್ರಣ ಕಾಶಿ' ಎನ್ನಿಸಿಕೊಂಡ ಊರು. ಸೀಸದ ಮೊಳೆ ಜೋಡಿಸುತ್ತಿದ್ದ ಮುದ್ರಣಾಲಯಗಳಿಗೆ ಕಂಪ್ಯೂಟರ್ ಬಂದಾಗ ಕನ್ನಡ ಅಕ್ಷರಗಳಿಗೆ ಒಂದು ಉಪಾಯ ಬೇಕಾಯಿತು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದರು. ಗದಗ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರೆಯಾಯಿತು. ಮರುವರ್ಷ, 1998ರಲ್ಲಿ, ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ 'ನುಡಿ'ಯನ್ನು ರೂಪಿಸಿತು. ಕಚೇರಿಗಳಲ್ಲಿ, ಶಾಲೆಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಬೆಳೆದದ್ದು ಇವುಗಳಿಂದಲೇ. ಆ ಉಪಕಾರ ಮರೆಯುವಂಥದ್ದಲ್ಲ.

ಆದರೆ ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ 'ಕನ್ನಡ' ಎಂಬ ಪದವನ್ನು ಆ ಫಾಂಟ್ ಇಲ್ಲದ ಬ್ರೌಸರಿನಲ್ಲಿ ತೆರೆದು ನೋಡಿ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಮತ್ತೊಮ್ಮೆ ಗೀಟಿನ ಎ! ಬ್ರೌಸರಿನ ಪಾಲಿಗೆ ಚೀಟಿ ಸರಿಯಿದೆ, ಬಾಲ ಸರಿಯಿದೆ, ಮೂಸಿ ನೋಡಿದರೂ ಅದು ಬರಹವೇ. ಆದರೆ ಯಾವ ಭಾಷೆಯ ಬರಹ ಎಂಬುದು ಫೈಲಿನ ಒಳಗೆಲ್ಲೂ ದಾಖಲಾಗಿಲ್ಲ. 2000ದ ಆಸುಪಾಸಿನ ಕನ್ನಡ ಜಾಲತಾಣಗಳು 'ಮೊದಲು ನಮ್ಮ ಫಾಂಟ್ ಇಳಿಸಿಕೊಳ್ಳಿ' ಎಂದು ಕೇಳುತ್ತಿದ್ದುದು ಇದೇ ಕಾರಣಕ್ಕೆ.

ಇದಕ್ಕೆ ಪರಿಹಾರ ಯುನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆ ಸಿಕ್ಕಿತ್ತು. ಯುನಿಕೋಡ್‌ನಲ್ಲಿ 'ಕನ್ನಡ' ಎಂದರೆ ಐದು ಸಂಕೇತಗಳು: ಕ, ನ, ಒತ್ತಿನ ಗುರುತು, ಮತ್ತೆ ನ, ಡ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ವಿಧಾನದಲ್ಲಿ ಒಟ್ಟು 15 ಬೈಟು. ಜಗತ್ತಿನ ಯಾವ ಮೂಲೆಯ ಬ್ರೌಸರ್ ಆದರೂ ಅದನ್ನು ಕನ್ನಡವೆಂದೇ ಗುರುತಿಸುತ್ತದೆ. 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ 'ತುಂಗಾ' ಎಂಬ ಕನ್ನಡ ಯುನಿಕೋಡ್ ಫಾಂಟ್ ಬಂತು. 'ನುಡಿ', 'ಬರಹ'ಗಳಲ್ಲೂ ಈಗ ಯುನಿಕೋಡ್ ಉಂಟು. ಹೀಗಿದ್ದೂ ಹಳೆಯ ಫಾಂಟುಗಳಲ್ಲೇ ಸುತ್ತೋಲೆ, ಪ್ರಶ್ನೆಪತ್ರಿಕೆ ಟೈಪು ಮಾಡಿ ಪಿಡಿಎಫ್ ಮಾಡುವ ರೂಢಿ ಪೂರ್ತಿ ಹೋಗಿಲ್ಲ. ಅಂಥ ಪಿಡಿಎಫ್ ಕಣ್ಣಿಗೆ ಚೆಂದವಾಗಿಯೇ ಕಾಣುತ್ತದೆ. ಅದರೊಳಗೆ ಒಂದು ಪದ ಹುಡುಕಿ, ಸಿಗುವುದಿಲ್ಲ. ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿ, ಮತ್ತೆ ಆ ಪೌಂಡ್ ಚಿಹ್ನೆಗಳೇ. ಹತ್ತನೆಯ ಶತಮಾನದಲ್ಲಿ ಪಂಪ ಕಾವ್ಯಕ್ಕೆ ಆರಿಸಿಕೊಂಡದ್ದು ಪುಲಿಗೆರೆಯ ಕನ್ನಡವನ್ನು. ಆ ಪುಲಿಗೆರೆ ಇಂದಿನ ಲಕ್ಷ್ಮೇಶ್ವರ. ಅಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಟೈಪು ಮಾಡಿದ ಪತ್ರವನ್ನು ಇಂದಿನ ಯಂತ್ರ ಓದಲಾರದೆಂದರೆ ಏನನ್ನಬೇಕು?

ಕಣ್ಣಿಲ್ಲದವರ ಪಾಲಿಗೆ

ಕಣ್ಣಿಗೆ ಚೆಂದ ಕಂಡರೆ ಸಾಲದೇ ಎನ್ನುವವರು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಬೇಕು. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ದೃಷ್ಟಿಯಿಲ್ಲದ ಮಕ್ಕಳಿಗೆ ಸಂಗೀತ ವಿದ್ಯೆ ಎರೆದ ತಾಣವದು. ಇಬ್ಬರು ಗುರುಗಳೂ ಸ್ವತಃ ಅಂಧರು. ಇಂಥ ಪರಂಪರೆಯ ಊರಿನಲ್ಲಿ ಫೈಲಿನ ಬಗೆ ಎಂಬುದು ಬರೀ ತಾಂತ್ರಿಕ ಪ್ರಶ್ನೆಯಲ್ಲ.

ದೃಷ್ಟಿಯಿಲ್ಲದ ವಿದ್ಯಾರ್ಥಿಗಳು ಇಂದು ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳನ್ನು ಬಳಸುತ್ತಾರೆ. ಕಂಪ್ಯೂಟರಿಗೆ ಎನ್‌ವಿಡಿಎ ಉಚಿತವಾಗಿ ದೊರೆಯುತ್ತದೆ. ಆಸ್ಟ್ರೇಲಿಯದ ಇಬ್ಬರು ಅಂಧ ತಂತ್ರಜ್ಞರು ಬೆಳೆಸಿದ ತಂತ್ರಾಂಶವದು. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಯುನಿಕೋಡ್ ಕನ್ನಡವಾದರೆ ಇವು ಓದಿ ಹೇಳುತ್ತವೆ. ಹಳೆಯ ಫಾಂಟಿನ ಪಿಡಿಎಫ್ ಆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತವೆ. ಕಾಗದವನ್ನು ಸ್ಕ್ಯಾನ್ ಮಾಡಿ ಕಟ್ಟಿದ ಪಿಡಿಎಫ್ ಆದರೆ ಅಕ್ಷರಗಳೇ ಇಲ್ಲ, ಬರೀ ಚಿತ್ರ. ಯಂತ್ರ ಮೌನ. ಪರೀಕ್ಷೆಯ ವೇಳಾಪಟ್ಟಿ ಬದಲಾದ ಸುತ್ತೋಲೆ ಈ ರೂಪದಲ್ಲಿ ಬಂದರೆ ಆ ವಿದ್ಯಾರ್ಥಿ ಬೇರೊಬ್ಬರನ್ನು ಬೇಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿ ಎಲ್ಲರಿಗೂ ಎಟುಕುವಂತಿರಬೇಕು ಎನ್ನುತ್ತದೆ. ಕಾಯ್ದೆಯನ್ನು ಪಾಲಿಸುವುದು ಟೈಪು ಮಾಡುವವರ ಮೇಜಿನಿಂದಲೇ ಆರಂಭವಾಗಬೇಕು.

ಯಾರ ಕೆಲಸ ಯಾವುದು?

ಬ್ರೌಸರ್ ಮಾಡಬೇಕಾದ್ದು ಹೀಗೆ. ಚೀಟಿಯನ್ನು ಗೌರವಿಸಬೇಕು. ಸಂದೇಹ ಬಂದಾಗ ಕಡಿಮೆ ಅಧಿಕಾರದ ಕಡೆಗೇ ವಾಲಬೇಕು. ಪುಟ, ಚಿತ್ರ, ಹಾಡು, ಪಿಡಿಎಫ್ ಇವನ್ನು ತನ್ನ ಕಟಕಟೆಯ ಒಳಗೇ ತೋರಿಸಬಹುದು. ಆಜ್ಞೆ ನಡೆಸುವ ಫೈಲನ್ನು ಎಂದೂ ತಾನಾಗಿ ನಡೆಸಬಾರದು, ಕೇಳಬೇಕು. ಕೇಳುವಾಗ ಫೈಲಿನ ಪೂರ್ತಿ ಹೆಸರು, ಬಾಲಸಮೇತ, ಜನರಿಗೆ ತಿಳಿಯುವ ಭಾಷೆಯಲ್ಲಿ ತೋರಿಸಬೇಕು. ಇಲ್ಲೇ ನೋಡಬೇಕೋ, ಇಳಿಸಿಕೊಳ್ಳಬೇಕೋ ಎಂಬ ಆಯ್ಕೆ ಓದುಗನದಾಗಿರಬೇಕು. ಇಂದಿನ ಬ್ರೌಸರುಗಳು ಮೊದಲ ಕೆಲಸಗಳನ್ನು ಬಹುಮಟ್ಟಿಗೆ ಮಾಡುತ್ತವೆ. ಕೊನೆಯ ಎರಡರಲ್ಲಿ, ಅದರಲ್ಲೂ ಫೋನುಗಳಲ್ಲಿ, ಇನ್ನೂ ಹಿಂದಿವೆ. ಒಂದೇ ಅಂಕಪಟ್ಟಿ ನಾಲ್ಕು ಸಲ ಇಳಿದು 1, 2, 3 ಎಂಬ ಅಂಕೆ ಹೊತ್ತು ಫೋನು ತುಂಬಿರುವುದನ್ನು ಕಾಣದವರಾರು?

ಶಾಲೆ, ಕಾಲೇಜು, ಕಚೇರಿಗಳು ಮಾಡಬೇಕಾದ್ದು: ಕನ್ನಡವನ್ನು ಯುನಿಕೋಡ್‌ನಲ್ಲೇ ಟೈಪು ಮಾಡುವುದು, ಟೈಪು ಮಾಡಿದ್ದನ್ನು ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡದೆ ನೇರವಾಗಿ ಪಿಡಿಎಫ್ ಮಾಡುವುದು, ನಾಲ್ಕು ಸಾಲಿನ ಸೂಚನೆಯಾದರೆ ಪಿಡಿಎಫ್ ಬಿಟ್ಟು ಜಾಲಪುಟದಲ್ಲೇ ಬರೆಯುವುದು.

ವಿದ್ಯಾರ್ಥಿಗಳು ಮಾಡಬೇಕಾದ್ದು: ಫೋಟೊವನ್ನು ಪಿಡಿಎಫ್ ಮಾಡಬೇಕಾದಾಗ ಹೆಸರು ಬದಲಿಸಬೇಡಿ. ಫೋಟೊ ತೆರೆದು, 'ಪ್ರಿಂಟ್' ಒತ್ತಿ, ಮುದ್ರಕದ ಜಾಗದಲ್ಲಿ 'ಸೇವ್ ಆ್ಯಸ್ ಪಿಡಿಎಫ್' ಆರಿಸಿ. ಐಫೋನಿನ ಫೋಟೊ ಎಚ್‌ಇಐಸಿ ಬಗೆಯದಾಗಿದ್ದರೆ ಜೆಪಿಜಿಗೆ ಪರಿವರ್ತಿಸಿ. ಏರಿಸುವ ಮೊದಲು, ಏರಿಸಿದ ನಂತರವೂ, ಒಮ್ಮೆ ತೆರೆದು ನೋಡಿ. ವಿಂಡೋಸ್‌ನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಎಂಬ ಆಯ್ಕೆಗೆ ಗುರುತು ಹಾಕಿದರೆ ಬಾಲಗಳು ಕಾಣುತ್ತವೆ.

ಪಾಲಕರಿಗೂ ಒಂದು ಮಾತು. ಸೈಬರ್ ಸೆಂಟರಿನಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಮಗಳ ಅಂಕಪಟ್ಟಿ, ಆಧಾರ್ ತೆರೆಸಿದಾಗ ಅವು ಆ ಕಂಪ್ಯೂಟರಿನ 'ಡೌನ್‌ಲೋಡ್ಸ್' ಎಂಬ ಜಾಗದಲ್ಲಿ ಉಳಿದುಬಿಡಬಹುದು. ಕೆಲಸ ಮುಗಿದ ಮೇಲೆ ಅವನ್ನು ಅಳಿಸಲು ಹೇಳಿ. ಅಳಿಸಿದ್ದು ಸೇರುವ 'ರೀಸೈಕಲ್ ಬಿನ್' ಅನ್ನೂ ಖಾಲಿ ಮಾಡಿಸಿ. ಕೇಳಲು ಸಂಕೋಚ ಬೇಡ, ದಾಖಲೆ ನಿಮ್ಮದು.

ಪ್ರವೇಶದ ಕಡೆಯ ದಿನ ಸಂಜೆ ಐದಕ್ಕೆ ಇವನ್ನೆಲ್ಲ ಕಲಿಯಲು ಹೊರಟರೆ ಆಗದು. ಒಂದು ಭಾನುವಾರ ಬಿಡುವಿನಲ್ಲಿ ತಂದೆ-ತಾಯಿ, ಮಕ್ಕಳು ಕೂಡಿ ಕೂತು ಮನೆಯ ದಾಖಲೆಗಳನ್ನು ಒಂದೊಂದಾಗಿ ತೆರೆದು ನೋಡಲಿ. ತೆರೆಯದ ಫೈಲು ಯಾವುದೆಂದು ಆಗ ತಿಳಿದರೆ ಸರಿಪಡಿಸಲು ಇನ್ನೂ ಕಾಲಾವಕಾಶ ಇರುತ್ತದೆ.